ಶಾಲೆಯಿಂದ ಫೋನ್ ಬಂದರೆ ಎದೆ ಏಕೆ ಧಸಕ್ಕೆನ್ನಬೇಕು?

ಮಧ್ಯಾಹ್ನದ ಹೊತ್ತು. ಮನೆಯ ಮೊಬೈಲಿಗೆ ಶಾಲೆಯಿಂದ ಕರೆ ಬರುತ್ತದೆ. ಎತ್ತುವ ಮೊದಲೇ ಅಮ್ಮನ ಎದೆ ಧಸಕ್ಕೆನ್ನುತ್ತದೆ. ಮಗು ಬಿತ್ತೇ? ಜ್ವರವೇ? ಯಾರ ಜೊತೆಗಾದರೂ ಹೊಡೆದಾಡಿಕೊಂಡಿತೇ? ಒಳ್ಳೆಯ ಸುದ್ದಿ ಹೇಳುವುದಕ್ಕೂ ಶಾಲೆಯಿಂದ ಫೋನ್ ಬರಬಹುದು ಎಂದು ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ.

ಆ ಕಡೆಯೂ ಹಾಗೆಯೇ. "ಮಿಸ್, ನಮ್ಮಪ್ಪ ಬಂದಿದ್ದಾರೆ" ಎಂದು ಮಗು ಹೇಳಿದರೆ ಟೀಚರಿಗೂ ಒಳಗೊಳಗೇ ಅಳುಕು, ಯಾವ ದೂರು ತಂದಿದ್ದಾರೋ ಎಂದು. ಇನ್ನು ಮಗುವಿಗಂತೂ "ನಾಳೆ ಅಪ್ಪ ಅಮ್ಮನನ್ನು ಕರೆದುಕೊಂಡು ಬಾ" ಎಂಬ ಮಾತು ಬೆತ್ತದ ಏಟಿಗಿಂತ ಹೆಚ್ಚು.

ಮೂವರಿಗೂ ಬೇಕಾದದ್ದು ಒಂದೇ. ಮಗು ಚೆನ್ನಾಗಿ ಕಲಿಯಬೇಕು, ನಗುನಗುತ್ತಾ ಬೆಳೆಯಬೇಕು. ಆದರೆ ನಾವು ಒಬ್ಬರಿಗೊಬ್ಬರು ಮಾತಾಡುವುದು ಏನಾದರೂ ಕೆಟ್ಟಾಗ ಮಾತ್ರ. ಹಾಗಾಗಿ ಮಾತೆಂದರೆ ದೂರು ಎಂದಾಗಿಬಿಟ್ಟಿದೆ. ಕೆಡುವ ಮೊದಲೇ ಆಡಿದ ಎರಡು ಮಾತು ಎಷ್ಟೋ ಮಕ್ಕಳ ದಾರಿಯನ್ನು ಸರಿಮಾಡಬಲ್ಲದು.

ಮೂರು ಕಡೆ ಹಂಚಿಹೋದ ಸುದ್ದಿ

ನಾಲ್ಕನೇ ತರಗತಿಯ ಒಬ್ಬ ಹುಡುಗನಿದ್ದಾನೆ ಎಂದುಕೊಳ್ಳಿ. ಬೋರ್ಡಿನಲ್ಲಿ ಬರೆದದ್ದನ್ನು ನೋಟ್ಸಿಗೆ ತಪ್ಪುತಪ್ಪಾಗಿ ಇಳಿಸುತ್ತಾನೆ. ಅವನಿಗೆ ಗಮನವೇ ಇಲ್ಲ ಎಂದು ಮೇಷ್ಟ್ರಿಗೆ ಅನಿಸಿದೆ. ಮನೆಯಲ್ಲಿ ಅವನು ಟಿ.ವಿ.ಗೆ ಮೂಗು ತಾಗಿಸಿಕೊಂಡು ಕೂರುತ್ತಾನೆ, ಅದು ಕೆಟ್ಟ ಅಭ್ಯಾಸ ಎಂದು ಅಮ್ಮ ಗದರುತ್ತಾರೆ. ಹುಡುಗನ ಮಟ್ಟಿಗೆ ದೂರದ ಅಕ್ಷರಗಳು ಎಲ್ಲರಿಗೂ ಹೀಗೆ ಮಸುಕಾಗಿಯೇ ಕಾಣುತ್ತವೆ. ಅವನು ಯಾರಿಗೂ ಏನೂ ಹೇಳಿಲ್ಲ. ಮೂವರ ಬಳಿಯೂ ಒಂದೊಂದು ತುಂಡು ಸುದ್ದಿ ಇದೆ. ಮೂರನ್ನೂ ಒಟ್ಟಿಗಿಟ್ಟರೆ ಸಿಗುವ ಉತ್ತರ ಕನ್ನಡಕ. ಒಟ್ಟಿಗಿಡದಿದ್ದರೆ ಅವನು ವರ್ಷಗಟ್ಟಲೆ 'ದಡ್ಡ'.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಆದರೆ ಅವರು ಕೊಟ್ಟ ಚೀಟಿ ಮಗುವಿನ ಚೀಲದ ತಳದಲ್ಲೇ ಮುದುಡಿ ಕೂತರೆ ತಪಾಸಣೆಯಿಂದ ಏನು ಬಂತು? ಚೀಟಿ ಮನೆ ತಲುಪಿತೇ ಎಂದು ಶಾಲೆ ಕೇಳಬೇಕು. ಚೀಟಿ ಏನಾದರೂ ಕೊಟ್ಟರೇ ಎಂದು ಮನೆ ಕೇಳಬೇಕು.

ಇನ್ನೊಂದು ಉದಾಹರಣೆ ಮನೆಮಾತಿನದು. ಮನೆಯಲ್ಲಿ ತುಳು, ಕೊಂಕಣಿ, ಲಂಬಾಣಿ, ಉರ್ದು, ತೆಲುಗು ಆಡುವ ಮಗು ಒಂದನೇ ತರಗತಿಗೆ ಬಂದು ತಿಂಗಳುಗಟ್ಟಲೆ ಬಾಯಿ ಬಿಡದೆ ಕೂರಬಹುದು. 'ಇದಕ್ಕೇನೂ ಅರ್ಥವಾಗುತ್ತಿಲ್ಲ' ಎಂದು ಶಾಲೆ ತಿಳಿಯುತ್ತದೆ. ಅದೇ ಮಗು ಮನೆಯಲ್ಲಿ ಅಜ್ಜಿಗೆ ಬಿಡುವು ಕೊಡದೆ ವಟಗುಟ್ಟುತ್ತಿರುತ್ತದೆ. ಅಜ್ಜಿ ಒಂದು ದಿನ ಬಂದು "ಇವಳು ಮನೆಯಲ್ಲಿ ಬಾಯಿ ಮುಚ್ಚುವುದೇ ಇಲ್ಲ ಟೀಚರೇ" ಎಂದರೆ ಸಾಕು, ಟೀಚರಿಗೆ ಒಂದು ದಾರಿ ಕಂಡಂತೆ. ಮಗುವಿನ ಮನೆಮಾತಿನ ನಾಲ್ಕು ಪದ ಕಲಿತು ಕರೆದರೆ ಆ ಬಾಯಿ ತೆರೆಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಿಂದ ಕುಟುಂಬಗಳು ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ. ಹೇಳದೆ ಹೋದರೆ ಹಾಜರಿ ಪುಸ್ತಕದಲ್ಲಿ ಮಗು ಗೈರುಹಾಜರಿ. ತಿಂಗಳುಗಳ ನಂತರ ವಾಪಸು ಬಂದಾಗ ಪಾಠ ಬಹಳ ಮುಂದೆ ಹೋಗಿರುತ್ತದೆ. ನಾಚಿಕೆಯಿಂದ ಮಗು ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದೇ ಇಲ್ಲ. ಹೋಗುವ ವಾರ ಮೊದಲೇ ಮುಖ್ಯ ಶಿಕ್ಷಕರಿಗೆ ತಿಳಿಸಿದರೆ ಮಗು ಊರಲ್ಲೇ ಉಳಿದು ಓದುವ ದಾರಿ ಇದೆಯೇ ಎಂದು ನೋಡಬಹುದು. ಹೋದ ಊರಿನ ಶಾಲೆಗೆ ಸೇರಿಸಲೂಬಹುದು. ಎಂಟನೇ ತರಗತಿಯವರೆಗೆ ವರ್ಗಾವಣೆ ಪತ್ರ ಅಂದರೆ ಟಿ.ಸಿ. ತರುವುದು ತಡವಾಯಿತು ಎಂಬ ಕಾರಣಕ್ಕೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಸೆಕ್ಷನ್ ಹೀಗೆಂದು ಹೇಳುತ್ತದೆ. ಇದು ಎಷ್ಟು ತಂದೆತಾಯಂದಿರಿಗೆ ಗೊತ್ತು?

ಕೇಳುವುದು ನಿಮ್ಮ ಹಕ್ಕು

'ನಾವು ಓದಿದವರಲ್ಲ, ಮೇಷ್ಟ್ರ ಮುಂದೆ ಏನು ಮಾತಾಡುವುದು' ಎಂದು ಹಿಂಜರಿಯುವ ಪೋಷಕರು ಇಂದಿಗೂ ಬಹಳ. ಅವರಿಗೆ ಒಂದು ಮಾತು ತಿಳಿದಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದು ಶಿಕ್ಷಕರ ಕರ್ತವ್ಯಗಳ ಪಟ್ಟಿಯಲ್ಲೇ ಪೋಷಕರ ಸಭೆಯನ್ನು ಸೇರಿಸಿದೆ. ನಿಯಮಿತವಾಗಿ ಸಭೆ ಕರೆದು ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆದ ಪ್ರಗತಿ ಇವುಗಳನ್ನು ಹೆತ್ತವರಿಗೆ ತಿಳಿಸಬೇಕು. ಅಂದರೆ ನೀವು ಕೇಳುವುದು ಉಪಕಾರವನ್ನಲ್ಲ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ನಾವೆಲ್ಲ ಎಸ್‌ಡಿಎಂಸಿ ಎನ್ನುವವು, 2001ರಲ್ಲೇ ಬಂದವು. ಶಾಲೆಯ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಂದೆತಾಯಿಗಳೋ ಪೋಷಕರೋ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಕಾಯ್ದೆ ಹೇಳುತ್ತದೆ. ಬಿಸಿಯೂಟ, ಶೌಚಾಲಯ, ಕುಡಿಯುವ ನೀರಿನ ಮಾತಿನ ಜೊತೆಗೆ 'ಮೂರನೇ ತರಗತಿಯ ಮಕ್ಕಳು ಓದಲು ಕಲಿತಿದ್ದಾರೆಯೇ' ಎಂಬ ಪ್ರಶ್ನೆಯೂ ಅಲ್ಲಿ ಏಳಬೇಕು. ಸಹಿ ಹಾಕಿ ಚಹಾ ಕುಡಿದು ಬರುವ ಸಭೆಯಿಂದ ಮಕ್ಕಳಿಗೆ ಏನೂ ದಕ್ಕದು.

"ಹೇಗೆ ಓದ್ತಾನೆ?" ಎಂದು ಕೇಳಬೇಡಿ

ಪೋಷಕರ ಸಭೆಯ ದಿನ ಟೀಚರ ಮುಂದೆ ಉದ್ದ ಸಾಲು. ನಿಮ್ಮ ಸರದಿಗೆ ಸಿಗುವುದು ಐದು ನಿಮಿಷ. ಆಗ "ನಮ್ಮವನು ಹೇಗೆ ಓದ್ತಾನೆ ಮಿಸ್?" ಎಂದು ಕೇಳಿದರೆ "ಪರವಾಗಿಲ್ಲ, ಇನ್ನೂ ಸ್ವಲ್ಪ ಗಮನ ಕೊಡಬೇಕು" ಎಂಬ ಉತ್ತರ ಬರುತ್ತದೆ. ಪ್ರಶ್ನೆಯೂ ಸವೆದದ್ದು, ಉತ್ತರವೂ ಸವೆದದ್ದು. ಅದರ ಬದಲು ಹೀಗೆ ಕೇಳಿ ನೋಡಿ: "ಯಾವುದನ್ನು ತಾನಾಗಿಯೇ ಮಾಡುತ್ತಾನೆ? ಎಲ್ಲಿ ನಿಂತುಬಿಡುತ್ತಾನೆ? ಯಾರ ಜೊತೆ ಆಡುತ್ತಾನೆ? ಮನೆಯಲ್ಲಿ ನಾವು ಯಾವ ಒಂದು ಕೆಲಸ ಮಾಡಿದರೆ ನಿಮಗೆ ಅನುಕೂಲ?"

ರಾಜ್ಯದ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿವೆ, ಮಕ್ಕಳ ಬಾಯಲ್ಲಿ ಎಫ್‌ಎ, ಎಸ್‌ಎ. ಅಂದರೆ ವರ್ಷಕ್ಕೆ ಆರು ಸಲ ಕೂತು ಮಾತಾಡಲು ಕೈಯಲ್ಲೊಂದು ಆಧಾರ ಸಿಗುತ್ತದೆ. ಅಂಕ ನೋಡಿ ಸಹಿ ಹಾಕಿದರೆ ಆ ಅವಕಾಶ ಕಳೆದಂತೆ. ಉತ್ತರ ಪತ್ರಿಕೆಯನ್ನೇ ನೋಡಿ.

52ರಲ್ಲಿ 27 ಕಳೆಯಿರಿ ಎಂಬ ಲೆಕ್ಕಕ್ಕೆ ಹುಡುಗಿ 35 ಎಂದು ಬರೆದಿದ್ದಾಳೆ ಎಂದಿಟ್ಟುಕೊಳ್ಳೋಣ. ಸರಿ ಉತ್ತರ 25. 'ಗಣಿತದಲ್ಲಿ ವೀಕ್' ಎಂದರೆ ಮಾತು ಅಲ್ಲಿಗೇ ಮುಗಿಯಿತು. ಆದರೆ ಅವಳ ತಪ್ಪಿಗೂ ಒಂದು ತರ್ಕವಿದೆ. ಎರಡರಲ್ಲಿ ಏಳು ಹೋಗದು, ಅದಕ್ಕೇ ಏಳರಲ್ಲಿ ಎರಡನ್ನು ಕಳೆದಿದ್ದಾಳೆ. ಅವಳಿಗೆ ಕಳೆಯಲು ಬರುತ್ತದೆ, ಹತ್ತನ್ನು ಬಿಡಿಸುವುದು ಬರುವುದಿಲ್ಲ. ಟೀಚರು ಇಷ್ಟನ್ನು ಹೇಳಿದರೆ ಅಕ್ಷರ ಬಾರದ ಅಮ್ಮನೂ ಮನೆಯಲ್ಲಿ ಕಲಿಸಬಲ್ಲರು. ಹತ್ತು ರೂಪಾಯಿಯ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಮಗಳ ಕೈಗಿಟ್ಟು "ನನಗೆ 27 ರೂಪಾಯಿ ಕೊಡು" ಎಂದರೆ ಆಯಿತು. ಒಂದು ನೋಟಿಗೆ ಚಿಲ್ಲರೆ ಮಾಡಿಸದೆ ಕೊಡಲಾಗದು. ಚಿಲ್ಲರೆ ಮಾಡಿಸಿದ ಆ ಹೊತ್ತಿಗೆ ಲೆಕ್ಕವೂ ತಲೆಗೆ ಹತ್ತುತ್ತದೆ.

ಟೀಚರುಗಳಲ್ಲೂ ಒಂದು ವಿನಂತಿ. ತಿಂಗಳಿಗೆ ನಾಲ್ಕೈದು ಮನೆಗಳಿಗೆ ಒಳ್ಳೆಯ ಸುದ್ದಿ ಹೇಳಲೆಂದೇ ಫೋನ್ ಮಾಡಿ. "ನಿಮ್ಮ ಮಗಳು ಇವತ್ತು ಪಕ್ಕದವಳಿಗೆ ಲೆಕ್ಕ ಹೇಳಿಕೊಟ್ಟಳು" ಎಂಬಷ್ಟು ಸಣ್ಣ ಮಾತು ಸಾಕು. ಮುಂದೆ ಒಂದು ಕಷ್ಟದ ಮಾತು ಹೇಳಬೇಕಾಗಿ ಬಂದಾಗ ಆ ಮನೆಯವರು ಜಗಳಕ್ಕೆ ನಿಲ್ಲದೆ ಕಿವಿಗೊಡುತ್ತಾರೆ.

ಗುಂಪಿನಲ್ಲಿ ಏನು, ಗುಟ್ಟಿನಲ್ಲಿ ಏನು

ಈಗ ಹೆಚ್ಚಿನ ತರಗತಿಗಳಿಗೂ ಒಂದು ವಾಟ್ಸ್‌ಆ್ಯಪ್ ಗುಂಪಿದೆ. ರಜೆ, ಪರೀಕ್ಷೆಯ ದಿನ, ಶುಲ್ಕ, ಪ್ರವಾಸದ ಸುದ್ದಿಗೆ ಅದು ಬಲು ಅನುಕೂಲ. ಆದರೆ ಒಂದು ಮಗುವಿನ ಅಂಕ, ತಪ್ಪು, ಅನಾರೋಗ್ಯ ಗುಂಪಿನಲ್ಲಿ ಬರಬಾರದು. ಅರವತ್ತು ಮನೆಗಳ ಮುಂದೆ ಬಯಲಾದ ಮಗು ಮರುದಿನ ತಲೆಯೆತ್ತಿ ಶಾಲೆಗೆ ಹೋಗುವುದಾದರೂ ಹೇಗೆ? ಅದೇ ರೀತಿ ಟೀಚರ ಮೇಲಿನ ಸಿಟ್ಟನ್ನೂ ಗುಂಪಿನಲ್ಲಿ ಕಾರಬೇಡಿ.

ಮನೆಯ ಒಂದೇ ಫೋನ್ ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ ಎಂಬುದನ್ನು ಶಾಲೆ ನೆನಪಿಡಬೇಕು. ರಾತ್ರಿ ಕಳಿಸಿದ ಸೂಚನೆಗೆ ಬೆಳಿಗ್ಗೆ ಮಗುವನ್ನು ನಿಲ್ಲಿಸಿ ಕೇಳುವುದು ನ್ಯಾಯವಲ್ಲ. ಓದಲು ಬಾರದ ಪೋಷಕರಿಗೆ ಧ್ವನಿ ಸಂದೇಶ ಕಳಿಸಿದರೆ ಅವರೂ ಕೇಳಿಸಿಕೊಳ್ಳುತ್ತಾರೆ.

ದಿನಾ ಬೆಳಿಗ್ಗೆ ಹೊಟ್ಟೆನೋವು

ಸಂಜೆ ಬಂದ ಮಗುವನ್ನು "ಇವತ್ತು ಏನಾಯ್ತು?" ಎಂದು ಕೇಳಿದರೆ "ಏನಿಲ್ಲ" ಎನ್ನುತ್ತದೆ. "ಊಟಕ್ಕೆ ಯಾರ ಪಕ್ಕ ಕೂತಿದ್ದೆ? ಯಾವ ಪಾಠದಲ್ಲಿ ನಗು ಬಂತು?" ಎಂದರೆ ಮಾತು ಹೊರಡುತ್ತದೆ. ಮಗು ಹೇಳುವಾಗ ನಡುವೆ ಬಾಯಿ ಹಾಕಿ ಉಪದೇಶ ಶುರುಮಾಡಿದರೆ ಮರುದಿನ ಮತ್ತೆ "ಏನಿಲ್ಲ". ಸಭೆಯಿಂದ ಮನೆಗೆ ಬಂದಾಗಲೂ ಟೀಚರು ಹೇಳಿದ ಒಳ್ಳೆಯ ಮಾತನ್ನು ಮೊದಲು ಹೇಳಿ, ಉಳಿದದ್ದು ಆಮೇಲೆ.

ಭಾನುವಾರ ಚೆನ್ನಾಗಿರುವ ಮಗುವಿಗೆ ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಬರುತ್ತಿದ್ದರೆ, ಅದು ವಾರವಾರವೂ ನಡೆಯುತ್ತಿದ್ದರೆ ನಾಟಕ ಎಂದು ತಳ್ಳಿಹಾಕಬೇಡಿ. ಡಾಕ್ಟರಿಗೆ ತೋರಿಸಿ, ಜೊತೆಗೆ ಶಾಲೆಯಲ್ಲೂ ವಿಚಾರಿಸಿ. ದೊಡ್ಡ ಹುಡುಗರ ಕಾಟವಿರಬಹುದು, ಯಾರೋ ಇಟ್ಟ ಅಡ್ಡಹೆಸರಿರಬಹುದು, ಏಟಿನ ಭಯವೂ ಇರಬಹುದು. ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮೊದಲು ತರಗತಿ ಶಿಕ್ಷಕರಿಗೆ, ನಂತರ ಮುಖ್ಯ ಶಿಕ್ಷಕರಿಗೆ ಹೇಳಿ. ಅಲ್ಲಿ ಬಗೆಹರಿಯದಿದ್ದರೆ ಎಸ್‌ಡಿಎಂಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಇವೆ. ಮಕ್ಕಳ ಸಹಾಯವಾಣಿ 1098. ಮನಸ್ಸು ಕುಗ್ಗಿದ್ದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು.

ಮಕ್ಕಳೇ, ಇದು ನಿಮಗೆ

ದೊಡ್ಡವರು ಇಷ್ಟೆಲ್ಲ ಮಾತಾಡುವುದು ನಿಮ್ಮ ಬಗ್ಗೆ. ಆದ್ದರಿಂದ ನೀವೂ ಆ ಮಾತಿನಲ್ಲಿ ಸೇರಬೇಕು. ಅರ್ಥವಾಗದಿದ್ದರೆ "ಮಿಸ್, ಇನ್ನೊಮ್ಮೆ ಹೇಳಿ" ಎನ್ನುವುದು ತಪ್ಪಲ್ಲ. ತರಗತಿಯಲ್ಲಿ ಎದ್ದು ಕೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದುಕೊಡಿ. ಬೋರ್ಡು ಕಾಣದಿದ್ದರೆ, ಮೇಷ್ಟ್ರ ಮಾತು ಕೇಳಿಸದಿದ್ದರೆ ಅದನ್ನು ಮನೆಯಲ್ಲೂ ಹೇಳಿ, ಶಾಲೆಯಲ್ಲೂ ಹೇಳಿ. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಗೆ ಹೋದರೆ ಶಾಲೆಯ ನೀರು, ಶೌಚಾಲಯ, ದಾರಿಯ ತೊಂದರೆಗಳನ್ನು ನೀವೇ ಎದ್ದುನಿಂತು ಕೇಳಬಹುದು.

ಇವತ್ತಿಗೆ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ನೋಟ್ಸ್ ಪುಸ್ತಕ ತೆರೆದು ಚೆನ್ನಾಗಿ ಬರೆದ ಒಂದು ಪುಟವನ್ನೂ, ತಲೆಗೆ ಹತ್ತದ ಒಂದು ಪುಟವನ್ನೂ ಮನೆಯವರಿಗೆ ತೋರಿಸಿ. ಹತ್ತದ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿ, ನಾಳೆ ಅದನ್ನೇ ಟೀಚರಿಗೂ ತೋರಿಸಿ.