ಕಡಲು ಮತ್ತು ಕರಸ್ಥಲ: ಜಲತತ್ತ್ವದ ಒಂದು ವಿವೇಚನೆ

ಪಂಚಭೂತಗಳಲ್ಲಿ ಜಲದಷ್ಟು ಮನುಷ್ಯನ ಬಾಳಿಗೆ ಹೊಂದಿಕೊಂಡಿರುವ ಭೂತ ಮತ್ತೊಂದಿಲ್ಲ. ಹುಟ್ಟಿದ ಮಗುವಿಗೆ ಮೊದಲ ಸಂಸ್ಕಾರ ನೀರಿನಿಂದ. ಅಗಲಿದವನಿಗೆ ಕಡೆಯ ಉಪಚಾರವೂ ನೀರಿನಿಂದ. ನಾವು ವಾಸಿಸುವ ಭೂಮಂಡಲದ ಮೇಲ್ಮೈಯಲ್ಲಿ ನೂರಕ್ಕೆ ಸುಮಾರು 71 ಭಾಗವನ್ನು ನೀರು ಆವರಿಸಿದೆ. ನಮ್ಮ ಶರೀರದ ತೂಕದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಭಾಗ ನೀರೇ. ಹೀಗಿರುವಾಗ ಕಡಲ ತಡಿಯಲ್ಲಿ ನಿಂತವನ ಮನಸ್ಸು ತಾನಾಗಿ ಮೌನಕ್ಕೆ ತಿರುಗುವುದು ಆಶ್ಚರ್ಯವಲ್ಲ. ಪಿಂಡದೊಳಗಿನ ಜಲವು ಬ್ರಹ್ಮಾಂಡದ ಜಲವನ್ನು ಕಂಡು ಗುರುತಿಸುವ ಗಳಿಗೆ ಅದು ಎನ್ನಬಹುದು.

ಆದರೆ ಇಲ್ಲಿ ಸಾಧಕನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಕಡಲ ದಂಡೆಯಲ್ಲಿ ದೊರೆತ ಶಾಂತಿಯು ಕಡಲಿನದೋ, ತನ್ನದೋ? ಕಡಲಿನದಾದರೆ ಊರಿಗೆ ಮರಳಿದೊಡನೆ ಅದು ಬಿಟ್ಟುಹೋಗುವುದು. ತನ್ನದಾದರೆ ಅದಕ್ಕಾಗಿ ಕಡಲವರೆಗೆ ಹೋಗುವ ಅಗತ್ಯವೇನಿತ್ತು? ಈ ಪ್ರಶ್ನೆಗೆ ಶರಣರ ವಿಚಾರದಲ್ಲಿ ದೊರೆಯುವ ಸಮಾಧಾನವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಜಲತತ್ತ್ವದ ಶಾಸ್ತ್ರೀಯ ಸ್ಥಾನವನ್ನು ನೋಡೋಣ. ತೈತ್ತಿರೀಯೋಪನಿಷತ್ತಿನ ಸೃಷ್ಟಿಕ್ರಮದಲ್ಲಿ ಆತ್ಮನಿಂದ ಆಕಾಶ, ಆಕಾಶದಿಂದ ವಾಯು, ವಾಯುವಿನಿಂದ ಅಗ್ನಿ, ಅಗ್ನಿಯಿಂದ ಜಲ, ಜಲದಿಂದ ಪೃಥ್ವಿ ಹುಟ್ಟಿದವೆಂದು ಹೇಳಿದೆ. ಜಲದ ವಿಶೇಷ ಗುಣ ರಸ; ಅದನ್ನರಿಯುವ ಇಂದ್ರಿಯ ಜಿಹ್ವೆ. ವೀರಶೈವರ ಷಟ್‌ಸ್ಥಲ ಸಿದ್ಧಾಂತವು ಈ ಭೂತಗಳನ್ನು ಸಾಧಕನ ಮೆಟ್ಟಿಲುಗಳೊಡನೆ ಹೊಂದಿಸುತ್ತದೆ. ಭಕ್ತನಿಗೆ ಪೃಥ್ವಿ, ಮಹೇಶನಿಗೆ ಜಲ, ಪ್ರಸಾದಿಗೆ ಅಗ್ನಿ, ಪ್ರಾಣಲಿಂಗಿಗೆ ವಾಯು, ಶರಣನಿಗೆ ಆಕಾಶ, ಐಕ್ಯನಿಗೆ ಆತ್ಮ. ಮಹೇಶಸ್ಥಲದ ಲಿಂಗ ಗುರುಲಿಂಗ, ಷಡಕ್ಷರಿಯಲ್ಲಿ ಅದರ ಅಕ್ಷರ ಮಕಾರ, ಭಕ್ತಿಯಾದರೋ ನಿಷ್ಠಾಭಕ್ತಿ.

ಇದು ಮೇಲುನೋಟಕ್ಕೆ ವಿರೋಧವೆಂದು ತೋರುತ್ತದೆ. ನಿಷ್ಠೆ ಎಂದರೆ ಅಲುಗದೆ ನಿಲ್ಲುವುದು. ಜಲವೋ ನಿಂತಲ್ಲಿ ನಿಲ್ಲದ ಭೂತ. ನಿಷ್ಠೆಗೆ ಕಲ್ಲನ್ನೋ ಬೆಟ್ಟವನ್ನೋ ಹೇಳದೆ ನೀರನ್ನು ಹೇಳಿದುದೇಕೆ? ವಿಚಾರಿಸಿ ನೋಡಿದರೆ ನೀರಿನಷ್ಟು ನಿಷ್ಠೆಯುಳ್ಳ ವಸ್ತು ಅಪರೂಪ. ಅದು ಪಾತ್ರೆಯ ಆಕಾರವನ್ನು ತಾಳುತ್ತದೆ, ತನ್ನ ಸ್ವಭಾವವನ್ನು ಬಿಡುವುದಿಲ್ಲ. ಅಡ್ಡಗಟ್ಟಿದರೆ ಸುತ್ತಿ ಹೋಗುತ್ತದೆ, ಆದರೆ ತಗ್ಗಿನತ್ತ ಸಾಗುವ ವ್ರತವನ್ನು ಮುರಿಯುವುದಿಲ್ಲ. ಮಹೇಶನ ನಿಷ್ಠೆಯೂ ಇಂತಹುದೇ. ಅದು ಮೊಂಡುತನವಲ್ಲ, ಎಲ್ಲ ಸನ್ನಿವೇಶಗಳೊಳಗೆ ಹರಿದೂ ಗುರಿ ತಪ್ಪದಿರುವ ಸ್ಥೈರ್ಯ. ರುಚಿಗೆ ಒಡೆಯಳಾದ ಜಿಹ್ವೆಯನ್ನು ಈ ಸ್ಥಲಕ್ಕೆ ಸೇರಿಸಿರುವುದರ ಔಚಿತ್ಯವೂ ಇದರಿಂದ ತಿಳಿಯುತ್ತದೆ. ನಾಲಗೆ ಗೆದ್ದವನಿಗೆ ನಿಷ್ಠೆ ನಿಲ್ಲುತ್ತದೆ.

ಇನ್ನು ಕಡಲಿನ ಮಾತು. ಹನ್ನೆರಡನೆಯ ಶತಮಾನದ ಶರಣರ ಕಾರ್ಯಕ್ಷೇತ್ರವಾದ ಕಲ್ಯಾಣವು ಒಳನಾಡಿನ ಪಟ್ಟಣ. ಅಲ್ಲಿಂದ ಕಡಲು ಬಹುದೂರ. ಆದರೂ ವಚನಗಳಲ್ಲಿ ಸಮುದ್ರದ ದೃಷ್ಟಾಂತ ಮತ್ತೆ ಮತ್ತೆ ಬರುತ್ತದೆ. ಅಲೆಗಳಿಗೆ ಹೆದರುವವನು ಕಡಲ ಅಂಚಿನಲ್ಲಿ ಮನೆ ಕಟ್ಟಿ ಫಲವೇನೆಂಬ ಭಾವವನ್ನು ಅಕ್ಕಮಹಾದೇವಿ ತನ್ನ ಪ್ರಸಿದ್ಧ ವಚನವೊಂದರಲ್ಲಿ ಹೇಳಿದ್ದಾಳೆ. ಅಲ್ಲಿ ಕಡಲೆಂದರೆ ಲೋಕ, ಅಲೆಗಳೆಂದರೆ ಸ್ತುತಿನಿಂದೆಗಳು. ಚಂದ್ರೋದಯಕ್ಕೆ ಉಬ್ಬುವ ಕಡಲನ್ನು ಬಸವಣ್ಣನವರು ಮತ್ತೊಂದು ಅರ್ಥಕ್ಕೆ ಬಳಸಿದ್ದಾರೆ. ಚಂದ್ರನಿಗೂ ಕಡಲಿಗೂ ಅಂತಹ ನಂಟಿದ್ದರೂ ಒಂದಕ್ಕೆ ಆಪತ್ತು ಬಂದಾಗ ಇನ್ನೊಂದು ನೆರವಿಗೆ ಬಾರದು, ಆದುದರಿಂದ ನಿಜವಾದ ನಂಟ ಶಿವನೊಬ್ಬನೇ ಎಂಬುದು ಅಲ್ಲಿಯ ತಾತ್ಪರ್ಯ. ಅಲ್ಲಮಪ್ರಭುಗಳಲ್ಲಾದರೋ ಬೆಟ್ಟದ ನೆಲ್ಲಿಯೂ ಕಡಲ ಉಪ್ಪೂ ಒಂದುಗೂಡುವ ಬೆರಗು ಇದೆ. ಎಲ್ಲಿಯದೋ ಒಂದು ಎಲ್ಲಿಯದೋ ಮತ್ತೊಂದನ್ನು ಕೂಡುವ ಈ ಅಗಮ್ಯ ಸಂಬಂಧವೇ ಅಂಗಲಿಂಗ ಸಂಬಂಧದ ಸೂಚನೆಯಾಗಿದೆ. ಮೂವರಿಗೂ ಕಡಲು ಕೇವಲ ನೋಟದ ವಸ್ತುವಲ್ಲ, ವಿಚಾರದ ಸಾಧನ.

ಅಲೆಗಳನ್ನು ಕುರಿತು ಭೌತವಿಜ್ಞಾನವು ಹೇಳುವ ಸಂಗತಿಯೊಂದು ಧ್ಯಾನಿಗೆ ಬಹಳ ಉಪಯುಕ್ತವಾಗಿದೆ. ದೂರದಿಂದ ದಡದ ಕಡೆಗೆ ಅಲೆ ಓಡಿಬರುವಂತೆ ಕಾಣುತ್ತದೆ. ಆದರೆ ತೆರೆದ ಕಡಲಿನಲ್ಲಿ ಅಲೆಯೊಡನೆ ನೀರು ಅಷ್ಟು ದೂರ ಬರುವುದಿಲ್ಲ. ನೀರಿನ ಕಣಗಳು ಹೆಚ್ಚು ಕಡಿಮೆ ಇದ್ದಲ್ಲಿಯೇ ವರ್ತುಲವಾಗಿ ಸುತ್ತುತ್ತವೆ. ಮುಂದಕ್ಕೆ ಸಾಗುವುದು ಚಲನೆ ಮಾತ್ರ. ಅಷ್ಟೇ ಅಲ್ಲ, ಆಳಕ್ಕಿಳಿದಂತೆ ಆ ವರ್ತುಲಗಳು ಕಿರಿದಾಗುತ್ತವೆ. ಎರಡು ಅಲೆಗಳ ನೆತ್ತಿಗಳ ನಡುವಣ ಅಂತರದ ಅರ್ಧದಷ್ಟು ಆಳದಲ್ಲಿ ಮೇಲಿನ ಅಲೆಯ ಸುಳಿವೇ ಇಲ್ಲವೆನ್ನುವಷ್ಟು ಕಡಿಮೆ. ಮನಸ್ಸಿನ ಗತಿಯೂ ಹೀಗೆಯೇ. ಸಂಕಲ್ಪಗಳು ಒಂದರ ಹಿಂದೊಂದು ಬರುತ್ತವೆ; ಅವುಗಳೊಡನೆ ನಾವೇ ಓಡುತ್ತಿದ್ದೇವೆಂಬ ಭ್ರಮೆ ಹುಟ್ಟುತ್ತದೆ. ಅಲೆಯನ್ನು ಹೊಡೆದು ನಿಲ್ಲಿಸಲು ಯಾರಿಂದಲೂ ಆಗದು. ಆದರೆ ಆಳಕ್ಕೆ ಇಳಿಯುವುದು ಸಾಧ್ಯ. ಶಿವಯೋಗವೆಂಬುದು ಈ ಇಳಿಯುವಿಕೆ.

ಇಳಿಯುವುದಕ್ಕೆ ಶರಣರು ಕೊಟ್ಟ ಸಾಧನ ಇಷ್ಟಲಿಂಗ. ಇಲ್ಲಿ ‘ಚುಳುಕ’ ಎಂಬ ಶಬ್ದವನ್ನು ಗಮನಿಸಬೇಕು. ಸಂಸ್ಕೃತದಲ್ಲಿ ಚುಲುಕವೆಂದರೆ ನೀರನ್ನು ಹಿಡಿಯಲು ಗುಳಿ ಮಾಡಿದ ಅಂಗೈ. ಆ ಅಂಗೈಯಲ್ಲಿ ಹಿಡಿಯುವಷ್ಟು ನೀರು ಎಂಬ ಅರ್ಥವೂ ಉಂಟು. ಅಗಸ್ತ್ಯನು ಸಮುದ್ರವನ್ನು ಆಪೋಶನ ಮಾಡಿದನೆಂಬ ಪುರಾಣಕಥೆಯ ಹಿಂದೆ ಇರುವುದು ಇಂತಹ ಅಂಗೈಯೇ. ಕಲ್ಯಾಣದ ಚಾಲುಕ್ಯರ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನಕವಿ ಬಿಲ್ಹಣನು ಆ ರಾಜವಂಶದ ಮೂಲಪುರುಷನು ಬ್ರಹ್ಮನ ಚುಲುಕದ ನೀರಿನಿಂದ ಹುಟ್ಟಿದನೆಂದು ತನ್ನ ‘ವಿಕ್ರಮಾಂಕದೇವಚರಿತ’ದಲ್ಲಿ ಬಣ್ಣಿಸಿದ್ದಾನೆ. ಕನ್ನಡದಲ್ಲಿ ಚುಳುಕು ಎಂದರೆ ಕಿರಿದಾದುದು, ಹಗುರಾದುದು. ವಿಶ್ವವನ್ನೆಲ್ಲ ತುಂಬಿಯೂ ಮೀರಿದ ಶಿವನು ಭಕ್ತನ ಕರಸ್ಥಲದಲ್ಲಿ ಚುಳುಕಾಗುವನೆಂದು ಬಸವಣ್ಣನವರು ಬೆರಗುಪಟ್ಟರು. ಅದೇ ಕಲ್ಯಾಣದ ನೆಲದಲ್ಲಿ ಅರಸರ ಕವಿಗೆ ಅಂಗೈ ನೀರಿನಲ್ಲಿ ಕಂಡುದು ರಾಜವಂಶ. ಶರಣನಿಗೆ ಅಂಗೈಯಲ್ಲಿ ಕಂಡುದು ಪರವಸ್ತು. ಎರಡು ದೃಷ್ಟಿಗಳ ಅಂತರವನ್ನು ಓದುಗರೇ ಊಹಿಸಬಹುದು.

ಕಡಲ ತಡಿಯಲ್ಲಿ ಕುಳಿತ ಲಿಂಗವಂತನಿಗೆ ಈ ಮಾತು ಕಣ್ಣೆದುರಿನ ಅನುಭವವಾಗುತ್ತದೆ. ಎದುರಿಗೆ ಕೊನೆಗಾಣದ ಜಲರಾಶಿ, ಎಡದಂಗೈಯಲ್ಲಿ ಇಷ್ಟಲಿಂಗ. ಮೊದಲು ಕಣ್ತುಂಬ ಕಡಲನ್ನು ನೋಡಲಿ. ಅಲೆಯ ಸದ್ದನ್ನು ತಡೆಯಲು ಯತ್ನಿಸದೆ ಕೇಳಲಿ; ಉಸಿರನ್ನು ಅಲೆಗೆ ಬಲವಂತವಾಗಿ ಹೊಂದಿಸುವುದು ಬೇಡ, ಅದು ತಾನಾಗಿ ನಿಧಾನವಾಗುವುದು. ಅನಂತರ ದೃಷ್ಟಿಯನ್ನು ಮೆಲ್ಲನೆ ಅಂಗೈಗೆ ತಂದು, ಎವೆಯಿಕ್ಕದ ನೋಟದಿಂದ ಲಿಂಗದಲ್ಲಿ ನಿಲ್ಲಿಸಿ ಷಡಕ್ಷರಿಯನ್ನು ಮನಸ್ಸಿನಲ್ಲಿ ಜಪಿಸಲಿ. ಹೊರಗೆ ಹರಡಿದ ಘನವೇ ಇಲ್ಲಿ ಸಂಗ್ರಹವಾಗಿದೆಯೆಂಬ ಭಾವ ಬಲಿತಂತೆ ಕಡಲಿನ ಸದ್ದು ಕಿವಿಯಲ್ಲಿದ್ದೂ ಇಲ್ಲದಂತಾಗುವುದು. ಹೊರಗಿನ ನಿಯಮಗಳನ್ನೂ ಮರೆಯಲಾಗದು. ಒಂದು ಉಬ್ಬರಕ್ಕೂ ಮತ್ತೊಂದು ಉಬ್ಬರಕ್ಕೂ ನಡುವೆ ಸಾಮಾನ್ಯವಾಗಿ ಹನ್ನೆರಡೂವರೆ ಗಂಟೆಯಷ್ಟು ಕಾಲ ಕಳೆಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ನೀರು ಹೆಚ್ಚು ಮೇಲೇರುತ್ತದೆ. ಮಳೆಗಾಲದಲ್ಲಿ ನಮ್ಮ ಪಡುಗಡಲು ಕೆರಳಿರುತ್ತದೆ. ಆದುದರಿಂದ ಉಬ್ಬರದ ಗೆರೆಗಿಂತ ಮೇಲೆ ಕುಳಿತುಕೊಳ್ಳುವುದು ವಿವೇಕ.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೊಳೆಯುತ್ತದೆ. ಕಡಲು ಗುರುವಿನಂತೆ ಬೆರಳು ತೋರುತ್ತದೆ, ಬೆರಳೇ ಚಂದ್ರನಲ್ಲ. ಘನವೆಂದರೇನೆಂಬುದನ್ನು ಅದು ಕಣ್ಣಿಗೆ ಕಾಣಿಸುತ್ತದೆ. ಆ ಘನವು ಕರಸ್ಥಲದಲ್ಲಿ ನೆಲೆಗೊಂಡರೆ ಸಾಧಕನು ಕಡಲನ್ನು ತನ್ನೊಡನೆ ಊರಿಗೆ ಒಯ್ದಂತೆ. ನೆಲೆಗೊಳ್ಳದಿದ್ದರೆ ನೂರು ಸಲ ಹೋಗಿಬಂದರೂ ಅದು ಪ್ರವಾಸವೇ ಹೊರತು ಯೋಗವಲ್ಲ.

ಶರಣರು ತೀರ್ಥಸ್ನಾನವನ್ನು ಟೀಕಿಸಿದುದು ಇದೇ ಕಾರಣದಿಂದ. ನೀರು ಕಂಡಲ್ಲೆಲ್ಲ ಮುಳುಗಿ ಏಳುವ ಭಕ್ತಿಯನ್ನು ಬಸವಣ್ಣನವರು ಒಪ್ಪಲಿಲ್ಲ. ಮೈಯ ಕೊಳೆ ನೀರಿನಿಂದ ಹೋದೀತು. ಮನದ ಕೊಳೆಗೆ ಬೇರೆ ನೀರು ಬೇಕು. ಆದರೆ ಅವರು ನೀರನ್ನು ಹಗುರವಾಗಿ ಕಾಣಲಿಲ್ಲವೆಂಬುದಕ್ಕೆ ಅಷ್ಟಾವರಣಗಳಲ್ಲಿ ಪಾದೋದಕಕ್ಕೆ ಕೊಟ್ಟ ಸ್ಥಾನವೇ ಸಾಕ್ಷಿ. ಗುರು, ಲಿಂಗ, ಜಂಗಮರ ಸಂಬಂಧದಿಂದ ಸಾಮಾನ್ಯ ಜಲವು ಪಾದೋದಕವಾಗುತ್ತದೆ. ದಶವಿಧ ಪಾದೋದಕಗಳೆಂದು ಎಣಿಸುವ ಸಂಪ್ರದಾಯದಲ್ಲಿ ಸ್ಪರ್ಶನೋದಕ, ಅವಧಾನೋದಕ, ಪರಿಣಾಮೋದಕ, ಸತ್ಯೋದಕ ಮೊದಲಾದ ಹೆಸರುಗಳು ಬರುತ್ತವೆ. ಹೆಸರುಗಳನ್ನು ನೋಡಿದರೇ ಸಾಕು, ನೀರು ಹೊರಗಿನ ಸ್ಪರ್ಶದಿಂದ ಒಳಗಿನ ಎಚ್ಚರಕ್ಕೆ, ಎಚ್ಚರದಿಂದ ತೃಪ್ತಿಗೆ, ತೃಪ್ತಿಯಿಂದ ಸತ್ಯಕ್ಕೆ ಸಾಗುವ ದಾರಿ ತಿಳಿಯುತ್ತದೆ. ನದಿಯೊಂದನ್ನೇ ತೀರ್ಥವೆಂದು ತಿಳಿದವರು ನದಿಯವರೆಗೆ ನಡೆಯಬೇಕಾಗಿತ್ತು. ಪಾದೋದಕವು ತೀರ್ಥವನ್ನು ಮನೆಯ ಬಾಗಿಲಿಗೆ ತಂದಿತು. ಅದಕ್ಕಿಂತ ಹಿರಿದಾದ ಸಂಗತಿಯೆಂದರೆ, ಶಿವಭಕ್ತನಾದವನ ಹುಟ್ಟನ್ನು ಕೇಳದೆ ಅವನ ಪಾದಕ್ಕೆರಗಿದುದು. ಯಾರು ಯಾರ ಕೈಯ ನೀರು ಕುಡಿಯಬೇಕೆಂಬುದೇ ಸಮಾಜದ ಕಟ್ಟಳೆಯಾಗಿದ್ದ ಕಾಲದಲ್ಲಿ ಇದು ಅಲ್ಪ ಕ್ರಾಂತಿಯಲ್ಲ. ಆ ಕಟ್ಟಳೆ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ, ಊರ ಕೆರೆಯ ನೀರನ್ನು ಮುಟ್ಟುವ ಹಕ್ಕಿಗಾಗಿ ಡಾ. ಅಂಬೇಡ್ಕರ್ ಅವರು 1927ರಲ್ಲಿ ಮಹಾಡದಲ್ಲಿ ಸತ್ಯಾಗ್ರಹ ಹೂಡಬೇಕಾಗಿ ಬಂದುದೇ ನಿದರ್ಶನ. ಪಾದೋದಕವನ್ನು ಸ್ವೀಕರಿಸುವ ಕೈ ನೆರೆಯವನಿಗೆ ನೀರನ್ನು ನಿರಾಕರಿಸಿದರೆ ಆ ಆಚರಣೆಗೆ ಅರ್ಥವೇ ಉಳಿಯದು.

ನೀರನ್ನು ಸೇವೆಯಾಗಿ ಕಂಡವನು ಸೊನ್ನಲಿಗೆಯ ಸಿದ್ಧರಾಮ. ಅವನು ಕಟ್ಟಿಸಿದ ಕೆರೆಯೂ ಕೆರೆಯ ನಡುವಣ ದೇವಾಲಯವೂ ಇಂದಿನ ಸೊಲ್ಲಾಪುರದ ಗುರುತಾಗಿವೆ. ಕೆರೆ ಕಟ್ಟುವ ಕಾರ್ಯದಲ್ಲಿ ತೊಡಗಿದ್ದವನ ಬಳಿಗೆ ಅಲ್ಲಮಪ್ರಭುಗಳು ಬಂದು ಅವನ ಕರ್ತೃತ್ವದ ಅಹಂಕಾರವನ್ನು ಕೆಣಕಿದ ಪ್ರಸಂಗ ‘ಶೂನ್ಯಸಂಪಾದನೆ’ಯಲ್ಲಿದೆ. ಪ್ರಭುಗಳು ಕೆರೆಯನ್ನು ಅಲ್ಲಗಳೆದರೆಂದು ತಿಳಿಯಬಾರದು. ಕೆರೆ ಕಟ್ಟಿದೆನೆಂಬ ‘ನಾನು’ ಅವರ ಗುರಿ. ಅನಂತರ ಚೆನ್ನಬಸವಣ್ಣನಿಂದ ಇಷ್ಟಲಿಂಗವನ್ನು ಪಡೆದ ಸಿದ್ಧರಾಮನಲ್ಲಿ ಹೊರಗಿನ ಕೆರೆಯೂ ಒಳಗಿನ ಅರಿವೂ ಒಂದಾದವು. ಕಡಲ ಧ್ಯಾನವೊಂದೇ ಸಾಲದು, ಕೆರೆಯ ಕಾಯಕವೊಂದೇ ಸಾಲದು ಎಂಬುದು ಈ ಪ್ರಸಂಗದ ಪಾಠ.

ನಮ್ಮ ನದಿಗಳೂ ಈ ಪಾಠವನ್ನೇ ಹೇಳುತ್ತವೆ. ಕೃಷ್ಣೆ ಹುಟ್ಟುವ ಮಹಾಬಲೇಶ್ವರದಿಂದ ಪಡುಗಡಲು ಕೇವಲ 64 ಕಿಲೋಮೀಟರು. ಆದರೆ ಆಕೆ ಅತ್ತ ಇಳಿಯದೆ ಮೂಡಲಿಗೆ ತಿರುಗಿ, ಸುಮಾರು 1,400 ಕಿಲೋಮೀಟರು ಹರಿದು, ಹೊಲಗದ್ದೆಗಳಿಗೆ ಉಣಿಸಿ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯೂ ಹಾಗೆಯೇ ಮೂಡಲಿಗೆ ಹರಿದು ಕೂಡಲಸಂಗಮದಲ್ಲಿ ಆಕೆಯನ್ನು ಕೂಡುತ್ತಾಳೆ. ಹತ್ತಿರದ ಕಡಲನ್ನು ಬಿಟ್ಟು ದೂರದ ದಾರಿ ಹಿಡಿದುದರಿಂದಲೇ ನಾಡು ಬದುಕಿತು. ಮುಕ್ತಿ ಸನಿಹದಲ್ಲಿದ್ದರೂ ದಾಸೋಹದ ಹಾದಿಯಲ್ಲಿ ನಡೆದು ಹೋಗುವ ಶರಣನ ಬಾಳಿಗೆ ಇದಕ್ಕಿಂತ ಒಳ್ಳೆಯ ಉಪಮೆ ಯಾವುದು?

ಬಸವಣ್ಣನವರ ಐಕ್ಯಸ್ಥಾನವೂ ಆ ಸಂಗಮದಲ್ಲಿಯೇ ಇದೆ. ನಾರಾಯಣಪುರ ಜಲಾಶಯದ ಹಿನ್ನೀರು ಅಲ್ಲಿಯವರೆಗೆ ಬಂದ ಬಳಿಕ ಐಕ್ಯಮಂಟಪದ ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿ ಅದನ್ನು ಕಾಪಾಡಲಾಗಿದೆ. ಭಕ್ತರು ಮೆಟ್ಟಿಲಿಳಿದು ಹೋಗುತ್ತಾರೆ. ಸುತ್ತಲೂ ನೀರು, ನಡುವೆ ನಿಶ್ಚಲವಾದ ಕಿರಿದಾದ ಎಡೆ. ಧ್ಯಾನದ ಸ್ವರೂಪವೂ ಇದೇ. ಸುತ್ತ ಲೋಕಜಲಧಿ ಇದ್ದೇ ಇರುತ್ತದೆ. ಅದರ ನಡುವೆ ಇಳಿಯುವುದಕ್ಕೊಂದು ಮೆಟ್ಟಿಲು, ನಿಲ್ಲುವುದಕ್ಕೊಂದು ಅಂಗೈಯಗಲದ ನೆಲೆ ಬೇಕು. ಆ ನೆಲೆಯನ್ನು ಗುರು ನಮ್ಮ ಕರಸ್ಥಲದಲ್ಲಿ ಈಗಾಗಲೇ ಇರಿಸಿದ್ದಾನೆ. ಕಡಲ ತಡಿಗೆ ಹೋಗುವ ಭಾಗ್ಯ ಒದಗಿದವರು ಅಲ್ಲಿಂದ ಆ ಅರಿವನ್ನು ತರಲಿ. ಒದಗದವರು ಪೂಜೆಯ ಬಟ್ಟಲಿನ ನೀರಿನಲ್ಲಿಯೇ ಕಡಲನ್ನು ಕಾಣಲಿ. ಬಾಗಿಲಿಗೆ ಬಂದ ಬಾಯಾರಿದವನಿಗೆ ಕೊಡುವ ಒಂದು ತಂಬಿಗೆ ನೀರಿನಲ್ಲಿ ಇಬ್ಬರ ಧ್ಯಾನವೂ ಸಫಲವಾಗುವುದು.