ಮನೆಯ ಹಳೆಯ ಕಾಗದಪತ್ರಗಳು: ಉಳಿಸತಕ್ಕವು ಯಾವುವು, ಅಳಿಸತಕ್ಕವು ಯಾವುವು

ತೊಗರಿಯ ರಾಶಿ ಮುಗಿದು ಯುಗಾದಿ ಸಮೀಪಿಸಿತೆಂದರೆ ಗ್ರಾಮಗಳಲ್ಲಿ ಮನೆಗೆ ಸುಣ್ಣ ಬಳಿಯುವುದೂ, ಅಟ್ಟದ ಪೆಟ್ಟಿಗೆಗಳನ್ನಿಳಿಸಿ ಕಸ ತೆಗೆಯುವುದೂ ಎಲ್ಲರಿಗೂ ತಿಳಿದ ಸಂಗತಿಯೇ ಸರಿ. ಆಗ ಹೊರಬೀಳುವ ಕಾಗದದ ಕಟ್ಟುಗಳಿಗೆ ಸಾಮಾನ್ಯವಾಗಿ ಎರಡೇ ಗತಿಗಳು: ಒಂದು ಒಲೆ, ಇನ್ನೊಂದು ರದ್ದಿಯವನ ತಕ್ಕಡಿ. ವಿವೇಚನೆಯಿಲ್ಲದೆ ಹೀಗೆ ಮಾಡಿದಲ್ಲಿ ಒದಗುವ ನಷ್ಟವು ಒಂದು ಬೆಳೆ ಹೋದುದಕ್ಕಿಂತಲೂ ಮಿಗಿಲಾದುದು. ಹೋದ ಬೆಳೆ ಮರುವರ್ಷ ಬಂದೀತು. ಸುಟ್ಟ ಮೂಲಪತ್ರವು ಮರಳಿ ಬಾರದು. ಹಳೆಯದೆಂದು ಎಸೆಯುವ ಕಾಗದದಲ್ಲಿಯೇ ಅನೇಕ ವೇಳೆ ಬೆಲೆಯಿರುತ್ತದೆ. ಹೊಸದೆಂದು ಅಲಕ್ಷಿಸುವ ನಕಲಿನಲ್ಲಿಯೇ ಅಪಾಯವಿರುತ್ತದೆ. ಈ ಭೇದವನ್ನು ಭೂಮಾಲೀಕರೂ ಗ್ರಾಮದ ಮುಖಂಡರೂ ಚೆನ್ನಾಗಿ ಮನಗಾಣತಕ್ಕದ್ದು.

ಉಳಿಸತಕ್ಕ ಪತ್ರಗಳು

ಚಿಂಚೋಳಿ, ಸೇಡಂ, ಚಿತ್ತಾಪುರ ಸೀಮೆಯು 1956ರ ನವೆಂಬರ್ 1ರ ವರೆಗೆ ಹೈದರಾಬಾದ್ ಸಂಸ್ಥಾನ ಹಾಗೂ ರಾಜ್ಯಕ್ಕೆ ಸೇರಿದ್ದುದರಿಂದ, ಹಿಂದಿನವರ ಕಾಲದ ಜಮೀನು ಪತ್ರಗಳು ಬಹುಮಟ್ಟಿಗೆ ಉರ್ದುವಿನಲ್ಲಿರುತ್ತವೆ. ಇಂದಿನ ಮಕ್ಕಳಿಗೆ ಆ ಲಿಪಿಯನ್ನು ಓದಲು ಬಾರದಿರುವುದೇ ಅವು ಕಸದ ಪಾಲಾಗುವುದಕ್ಕೆ ಮುಖ್ಯ ಕಾರಣ. ಓದಲಾಗದ ಪತ್ರವನ್ನು ನಿರುಪಯೋಗಿಯೆಂದು ಎಣಿಸಬಾರದು. ಅದರ ಮೇಲಿನ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಆ ವರ್ಷವು ಆರಂಭವಾದ ಇಸವಿ ದೊರೆಯುತ್ತದೆ. 1358 ಫಸಲಿ ಎಂದರೆ 1948-49. ಹೀಗೆ ಕಾಲವನ್ನು ಗುರುತಿಸಿ, ನಂಬಿಗಸ್ತ ಉರ್ದು ಬಲ್ಲವರಿಂದ ಓದಿಸಿ, ಸಾರಾಂಶವನ್ನು ಕನ್ನಡದಲ್ಲಿ ಬೇರೆ ಹಾಳೆಯ ಮೇಲೆ ಬರೆದು ಜೊತೆಗಿಡುವುದು ಲೇಸು. ಮೂಲಪತ್ರದ ಮೇಲೆ ಏನನ್ನೂ ಬರೆಯಕೂಡದು.

ಪತ್ರವು ಹಳೆಯದಾದಷ್ಟೂ ಅದಕ್ಕೆ ಬಲ ಬರುವುದುಂಟು. 30 ವರ್ಷಗಳಷ್ಟು ಹಳೆಯದಾದ ಮೂಲಪತ್ರವು ಇರತಕ್ಕ ಸ್ಥಳದಿಂದಲೇ, ಇರತಕ್ಕವರ ವಶದಿಂದಲೇ ಬಂದಲ್ಲಿ, ಅದರ ಸಹಿಯನ್ನೂ ಬರಹವನ್ನೂ ನ್ಯಾಯಾಲಯವು ನಿಜವೆಂದು ಭಾವಿಸಬಹುದೆಂದು 1872ರ ಸಾಕ್ಷ್ಯ ಕಾಯಿದೆಯು ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದೇ ನಿಯಮವಿದೆ. ಈ ಅನುಕೂಲವು ಮೂಲಪತ್ರಕ್ಕಲ್ಲದೆ ನಕಲಿಗೆ ದೊರೆಯದು. ಆದಕಾರಣ ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಮರಣಶಾಸನ, ಹಳೆಯ ಪಟ್ಟಾ, 1954-55ರ ಖಾಸರಾ ಪಹಣಿಯ ನಕಲು, ಗೇಣಿಯ ಆದೇಶಗಳು, ಕಂದಾಯ ರಸೀದಿಗಳು ಇವುಗಳನ್ನು ಎಂದಿಗೂ ನಾಶಮಾಡಕೂಡದು. ಭೂಮಿ ಯೋಜನೆಯ ಗಣಕೀಕೃತ ಪಹಣಿಯು ಬಂದ ಬಳಿಕ ಕೈಬರಹದ ಪಹಣಿಯು ವ್ಯವಹಾರಕ್ಕೆ ನಡೆಯದೆಂಬುದು ನಿಜವೇ. ಆದರೂ ಜಮೀನಿನ ಪೂರ್ವವೃತ್ತಾಂತಕ್ಕೆ ಅದು ಸಹಾಯಕವಾಗುತ್ತದೆ.

2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಲಬುರಗಿ ಮೊದಲಾದ 5 ಜಿಲ್ಲೆಗಳ ಹೊಸ ಕಂದಾಯ ಗ್ರಾಮಗಳ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರಗಳು ವಿತರಣೆಯಾದವು. ಅವರಲ್ಲಿ ಬಹುಮಂದಿ ತಾಂಡಾಗಳ ನಿವಾಸಿಗಳು. ಇಂಥ ಮನೆಗಳಲ್ಲಿ ಹಕ್ಕುಪತ್ರವೇ ಮೊದಲನೆಯ ಆಸ್ತಿಪತ್ರವಾಗಿರುವುದರಿಂದ ಅದನ್ನು ರದ್ದಿಯ ಗೋಜಿಗೆ ಸೇರಿಸದಂತೆ ಎಚ್ಚರಿಸುವುದು ಮುಖಂಡರ ಕರ್ತವ್ಯವಾಗಿದೆ.

ಉಳಿಸತಕ್ಕ ಪತ್ರಗಳನ್ನು ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ, ತಗಡಿನ ಪೆಟ್ಟಿಗೆಯಲ್ಲಿರಿಸಿ, ನೆಲಕ್ಕೂ ಗೋಡೆಗೂ ತಾಗದಂತೆ ಇಡತಕ್ಕದ್ದು. ಹಳೆಯ ಪತ್ರಕ್ಕೆ ಪ್ಲಾಸ್ಟಿಕ್ ಹೊದಿಕೆಯನ್ನು ಕಾಯಿಸಿ ಅಂಟಿಸಬಾರದು. ಅನಂತರ ಅದನ್ನು ಬಿಡಿಸುವುದು ದುಸ್ತರ.

ಅಳಿಸತಕ್ಕ ಕಾಗದಗಳು

ಆಧಾರ್ ಮತ್ತು ಬ್ಯಾಂಕ್ ಪುಸ್ತಕದ ಹೆಚ್ಚುವರಿ ನಕಲುಗಳು, ಮುಚ್ಚಿದ ಖಾತೆಯ ಚೆಕ್ಕುಗಳು, ಅವಧಿ ಮೀರಿದ ಕಾರ್ಡುಗಳು, ಗುಪ್ತಸಂಖ್ಯೆ ಬರೆದಿಟ್ಟ ಚೀಟಿಗಳು, ಹೆಬ್ಬೆಟ್ಟು ಒತ್ತಿ ಕೆಟ್ಟುಹೋದ ಅರ್ಜಿಗಳು ಇವೆಲ್ಲವೂ ಅಳಿಸತಕ್ಕವು. 2023ರಲ್ಲಿ ಮಂಗಳೂರಿನಲ್ಲಿ, ನೋಂದಣಿಯಾದ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನೂ ಆಧಾರ್ ಸಂಖ್ಯೆಯನ್ನೂ ಉಪಯೋಗಿಸಿ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಪೊಲೀಸರ ತನಿಖೆಗೆ ಬಂದವು. ಬೆರಳ ಗುರುತನ್ನು ಚೆಕ್ಕಿನಂತೆ ಬದಲಿಸಲಾಗದು. ಆದರೆ ಆಧಾರ್ ವ್ಯವಸ್ಥೆಯಲ್ಲಿ ಅದಕ್ಕೆ ಬೀಗ ಹಾಕಿಸುವ ಅನುಕೂಲವಿದೆ. ನಕಲು ಕೊಡಬೇಕಾದಾಗ ಕಡೆಯ 4 ಅಂಕಿಗಳು ಮಾತ್ರ ಕಾಣುವ ಆಧಾರ್ ಪತ್ರವನ್ನು ಕೊಟ್ಟು, ಅದರ ಮೇಲೆ ಉದ್ದೇಶವನ್ನೂ ತಾರೀಖನ್ನೂ ಅಡ್ಡಲಾಗಿ ಬರೆಯುವುದು ಕ್ಷೇಮಕರ. ತೀರಿಸಿದ ಸಾಲದ ಪ್ರಾಮಿಸರಿ ನೋಟನ್ನು ಮಾತ್ರ ಸುಡದೆ, ಮರಳಿ ಪಡೆದು, ತೀರಿತೆಂದು ಸಾಲಗಾರನಿಂದಲೂ ಸಾಹುಕಾರನಿಂದಲೂ ಸಹಿಯೊಡನೆ ಬರೆಯಿಸಿ, ರಸೀದಿಯ ಜೊತೆಗಿಡತಕ್ಕದ್ದು.

ಅಳಿಸುವ ಕ್ರಮ

ಬಿಗಿಯಾದ ಕಟ್ಟಿಗೆ ಬೆಂಕಿಯಿಟ್ಟರೆ ಅಂಚು ಸುಟ್ಟು ನಡುವಿನ ಹಾಳೆಗಳು ಓದುವಂತೆಯೇ ಉಳಿಯುತ್ತವೆ. ಅರೆಸುಟ್ಟ ಹಾಳೆಯು ಗಾಳಿಗೆ ಹಾರಿ ತೊಗರಿಕಟ್ಟಿಗೆಯ ಬಣವೆಗೆ ತಗುಲಬಹುದು. 2011ರಲ್ಲಿ ಘೋಷಿತವಾದ ಚಿಂಚೋಳಿ ವನ್ಯಜೀವಿಧಾಮದ ಅಂಚಿನ ಗ್ರಾಮಗಳಲ್ಲಿ ಬೇಸಿಗೆಯ ಕಿಡಿಯೊಂದು ಕಾಡಿಗೇ ಹೊತ್ತಬಹುದು. ಇದಕ್ಕಿಂತ ನೀರು ಉತ್ತಮ. ಸಂಖ್ಯೆ, ಸಹಿ, ಹೆಬ್ಬೆಟ್ಟು ಇರುವ ಭಾಗಗಳನ್ನು ಸಣ್ಣದಾಗಿ ಹರಿದು, ಒಂದು ರಾತ್ರಿ ಬಾನಿಯ ನೀರಿನಲ್ಲಿ ನೆನೆಯಿಟ್ಟು, ಬೆಳಿಗ್ಗೆ ಕಲಸಿ ಮುದ್ದೆ ಮಾಡಿ, ತಿಪ್ಪೆಯಲ್ಲಿ ಸೆಗಣಿಯೊಡನೆ ಬೆರೆಸಿದರೆ ಅದು ಗೊಬ್ಬರದೊಡನೆ ಕರಗುತ್ತದೆ. ನುಣುಪಾದ ಬಣ್ಣದ ಕಾಗದ, ಪ್ಲಾಸ್ಟಿಕ್ ಹೊದಿಸಿದ ಪತ್ರ, ಹಣಯಂತ್ರದ ಚೀಟಿ ಇವನ್ನು ತಿಪ್ಪೆಗೆ ಸೇರಿಸದೆ, ಕತ್ತರಿಸಿ ಪಂಚಾಯಿತಿಯ ಒಣಕಸಕ್ಕೆ ಕೊಡತಕ್ಕದ್ದು.

ಬ್ಯಾಂಕ್ ಕಾರ್ಡನ್ನು ಅದರ ಚಿಪ್ಪು ಮತ್ತು ಕಪ್ಪುಪಟ್ಟಿ ತುಂಡಾಗುವಂತೆ ಕತ್ತರಿಸಬೇಕು. ಹಳೆಯ ಮೊಬೈಲನ್ನು ಮಾರುವ ಮೊದಲು ಸಿಮ್ಮನ್ನೂ ಸ್ಮರಣಾಕಾರ್ಡನ್ನೂ ತೆಗೆದು ಒಳಗಿನದನ್ನೆಲ್ಲ ಅಳಿಸಬೇಕು. ಉಪಯೋಗ ತಪ್ಪಿದ ರಬ್ಬರ್ ಮೊಹರಿನ ಮುಖವನ್ನು ಚಾಕುವಿನಿಂದ ಕೆತ್ತಿ ಕೆಡಿಸಬೇಕು.

ಮುಖಂಡರ ವಿಶೇಷ ಹೊಣೆ

ವಂಶಪಾರಂಪರ್ಯದ ಪಟೇಲ, ಪಟವಾರಿ ಹುದ್ದೆಗಳು 1963ರ ಫೆಬ್ರುವರಿ 1ರಿಂದ ರದ್ದಾದವು. ಆ ಮನೆತನಗಳಲ್ಲಿ ಗ್ರಾಮದ ದಫ್ತರವೇನಾದರೂ ಉಳಿದಿದ್ದಲ್ಲಿ ಅದು ಮನೆಯ ಸೊತ್ತಲ್ಲ. ಹರಿಯದೆ, ಮಾರದೆ, ಪಟ್ಟಿ ಮಾಡಿ, ತಹಸೀಲ್ದಾರರ ಕಚೇರಿಗೆ ಒಪ್ಪಿಸಿ ಸ್ವೀಕೃತಿ ಪಡೆಯುವುದು ಯೋಗ್ಯ. ಅದೇ ರೀತಿ ಬೆಳೆವಿಮೆ, ಸಾಲ, ಪಡಿತರ ಮುಂತಾದವುಗಳಿಗಾಗಿ ನೆರೆಹೊರೆಯವರೂ ಕೂಲಿಯವರೂ ಕೊಟ್ಟ ನಕಲುಗಳು ಮುಖಂಡರ ಮನೆಗಳಲ್ಲಿ ಶೇಖರವಾಗಿರುತ್ತವೆ. ಕೆಲಸ ತೀರಿದೊಡನೆ ಅವನ್ನು ಕೊಟ್ಟವರಿಗೆ ಮರಳಿಸಬೇಕು, ಇಲ್ಲವೆ ಅವರೆದುರಿಗೇ ನಾಶಮಾಡಬೇಕು. ಓದುಬರಹ ಬಾರದ ಬಡವನು ಹೆಬ್ಬೆಟ್ಟೊತ್ತಿ ಕೊಟ್ಟ ಹಾಳೆಯಲ್ಲಿ ಅವನ ಗಳಿಕೆಯೆಲ್ಲವೂ ಅಡಗಿರಬಹುದು. ಖಾತೆಯಿಂದ ಹಣ ಹೋದುದು ತಿಳಿದ ಕೂಡಲೆ 1930 ಸಂಖ್ಯೆಗೆ ಕರೆಮಾಡಿ ಬ್ಯಾಂಕಿಗೂ ತಿಳಿಸುವಂತೆ ಅಂಥವರಿಗೆ ಹೇಳಿಕೊಡತಕ್ಕದ್ದು.

ಬಿತ್ತುವ ಮೊದಲು ಬೀಜವನ್ನೂ ಜೊಳ್ಳನ್ನೂ ಬೇರ್ಪಡಿಸುವ ರೈತನಿಗೆ ಈ ಕೆಲಸವು ಹೊಸದಲ್ಲ. ವರ್ಷಕ್ಕೊಂದು ದಿನ ಮನೆಯ ಹಿರಿಯರೂ ಓದುಬಲ್ಲ ಮಕ್ಕಳೂ ಜೊತೆಗೆ ಕುಳಿತು ಕಾಗದಗಳನ್ನು ಹೀಗೆಯೇ ಆರಿಸಿದರೆ, ಜಮೀನಿನ ಹಕ್ಕೂ ಮನೆಯ ಗುಟ್ಟೂ ಸುರಕ್ಷಿತವಾಗಿರುವುವು.