ರೆಕ್ಕೆ ತೊಳೆಯುವ ಅಂಗಳ

ಹಿಮ ಬೀಳುವ ದಿನ ಟೊರಾಂಟೊದ ಪಿಯರ್ಸನ್ ನಿಲ್ದಾಣದಲ್ಲಿ ಗೇಟು ಬಿಟ್ಟ ವಿಮಾನ ನೇರವಾಗಿ ರನ್‌ವೇಗೆ ಹೋಗುವುದಿಲ್ಲ. ನಡುವೆ ಸುಮಾರು 65 ಎಕರೆ ಹರಡಿಕೊಂಡ ಕಾಂಕ್ರೀಟ್ ಅಂಗಳವೊಂದಕ್ಕೆ ಹೊರಳುತ್ತದೆ. ಇದು ಸೆಂಟ್ರಲ್ ಡಿಐಸಿಂಗ್ ಫೆಸಿಲಿಟಿ, ಅಂದರೆ ವಿಮಾನದ ಹಿಮ ತೊಳೆಯುವ ಜಾಗ. ಇಲ್ಲಿರುವುದು ಆರು 'ಬೇ'ಗಳು, ಅಂದರೆ ವಿಮಾನ ನಿಲ್ಲುವ ಅಂಕಣಗಳು. ಯಾವ ಬೇಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಪೈಲಟ್‌ಗೆ ದೊಡ್ಡ ಎಲೆಕ್ಟ್ರಾನಿಕ್ ಫಲಕ ತೋರಿಸುತ್ತದೆ. ಜನವರಿಯಲ್ಲಿ ಬೆಂಗಳೂರಿಗೆ ಹೊರಟ ಕನ್ನಡಿಗರಿಗೆ, 'ಇನ್ನೂ ಯಾಕಪ್ಪ ಹೊರಡಲಿಲ್ಲ' ಅನ್ನಿಸುವ ಜಾಗವೂ ಇದೇ.

ರೆಕ್ಕೆಯ ಹಿಂದಿನ ಕಿಟಕಿಯ ಸೀಟು ಸಿಕ್ಕರೆ ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಉದ್ದ ತೋಳಿನ ಟ್ರಕ್ಕುಗಳು ಎರಡೂ ಬದಿಯಿಂದ ಬಂದು ನಿಲ್ಲುತ್ತವೆ. ತೋಳಿನ ತುದಿಯಲ್ಲಿ ಗಾಜಿನ ಗೂಡು, ಅದರೊಳಗೆ ಒಬ್ಬ ಕೆಲಸಗಾರ. ಮೊದಲು ಕಿತ್ತಳೆ ಬಣ್ಣದ, ಕಾಯಿಸಿದ ಗ್ಲೈಕಾಲ್ ದ್ರಾವಣ ರಭಸವಾಗಿ ಬೀಳುತ್ತದೆ. ಕಿಟಕಿಯೆಲ್ಲ ಹಬೆ. ರೆಕ್ಕೆಗೆ ಕಚ್ಚಿಕೊಂಡಿದ್ದ ಬಿಳಿ ಹೊದಿಕೆ ಸಡಿಲಗೊಂಡು, ಮುದ್ದೆಮುದ್ದೆಯಾಗಿ ಜಾರಿ ಬೀಳುತ್ತದೆ, ಲೋಹ ಹೊಳೆಯುತ್ತದೆ. ಹಿಮ ಇನ್ನೂ ಬೀಳುತ್ತಿದ್ದರೆ ಎರಡನೇ ಸರದಿ ಹಸಿರು ದ್ರಾವಣದ್ದು. ಇದು ಬೆಂಡೆಕಾಯಿ ಲೋಳೆಯಂತೆ ಅಂಟಿ ನಿಂತು, ಹೊಸ ಹಿಮವನ್ನು ತನ್ನೊಳಗೇ ಕರಗಿಸಿಕೊಳ್ಳುತ್ತದೆ. ವಿಮಾನ ಓಟದ ವೇಗ ಹಿಡಿದಾಗ ಗಾಳಿಯ ಹೊಡೆತಕ್ಕೆ ತಾನಾಗಿ ಹಿಂದಕ್ಕೆ ಹರಿದು ಹೋಗುತ್ತದೆ. ನೆಲಕ್ಕೆ ಚೆಲ್ಲಿದ ಗ್ಲೈಕಾಲನ್ನೂ ಬಿಡುವುದಿಲ್ಲ. ಅಂಗಳದಡಿಯ ಟ್ಯಾಂಕುಗಳಲ್ಲಿ ಹಿಡಿದಿಡುತ್ತಾರೆ.

ಇಷ್ಟೆಲ್ಲ ಯಾಕೆಂದರೆ, ಉಪ್ಪುಕಾಗದದ ತರಿಯಷ್ಟು ಇಬ್ಬನಿಗಡ್ಡೆ ರೆಕ್ಕೆಯ ಮೇಲಿದ್ದರೂ ಎತ್ತುವ ಬಲ ಶೇ 30ರಷ್ಟು ಕುಗ್ಗಬಹುದು, ಗಾಳಿಯ ತಡೆ ಶೇ 40ರಷ್ಟು ಏರಬಹುದು. ಕಣ್ಣಿಗೆ ಏನೂ ಅಲ್ಲವೆನಿಸುವ ಪದರ ಅದು.

ಕೆನಡಾ ಇದನ್ನು ಕಲಿತದ್ದು ದೊಡ್ಡ ಬೆಲೆ ತೆತ್ತು. 1989ರ ಮಾರ್ಚ್ 10ರಂದು ಇದೇ ಒಂಟಾರಿಯೊ ಪ್ರಾಂತ್ಯದ ಡ್ರೈಡನ್‌ನಲ್ಲಿ ಏರ್ ಒಂಟಾರಿಯೊದ ಫಾಕರ್ ಎಫ್-28 ವಿಮಾನ ಹಿಮ ಹೊತ್ತ ರೆಕ್ಕೆಗಳೊಂದಿಗೆ ಹೊರಟು, ಮೇಲೇರಲಾರದೆ ಮರಗಳಿಗೆ ಬಡಿಯಿತು. 69 ಜನರಲ್ಲಿ 24 ಮಂದಿ ಸತ್ತರು. ವಿಮಾನದ ಸಹಾಯಕ ವಿದ್ಯುತ್ ಘಟಕ ಕೆಟ್ಟಿತ್ತು. ಹಾಗಾಗಿ ಎಂಜಿನ್ ಆರಿಸಿದರೆ ಮತ್ತೆ ಹೊತ್ತಿಸಲು ಡ್ರೈಡನ್‌ನಲ್ಲಿ ಸಲಕರಣೆ ಇರಲಿಲ್ಲ. ಎಂಜಿನ್ ಓಡುತ್ತಿರುವಾಗ ದ್ರಾವಣ ಎರಚುವುದಕ್ಕೆ ಕಂಪನಿಯ ನಿಯಮ ಒಪ್ಪುತ್ತಿರಲಿಲ್ಲ. ಅಷ್ಟರಲ್ಲಿ ಪುಟ್ಟ ಸೆಸ್ನಾ ವಿಮಾನವೊಂದು ಇಳಿಯಲೆಂದು ಕಾಯಬೇಕಾಯಿತು, ಹಿಮ ದಪ್ಪವಾಗುತ್ತಲೇ ಹೋಯಿತು. ಪ್ರಯಾಣಿಕರಾಗಿ ಕೂತಿದ್ದ ಪೈಲಟ್‌ಗಳಿಗೂ ಅದು ಕಂಡಿತ್ತು. ಕಾಕ್‌ಪಿಟ್‌ಗೆ ಮಾತ್ರ ಸುದ್ದಿ ಮುಟ್ಟಲಿಲ್ಲ. ದುರಂತದ ತನಿಖೆ ನಡೆಸಿದ ನ್ಯಾಯಮೂರ್ತಿ ವರ್ಜಿಲ್ ಮೊಶಾನ್ಸ್ಕಿ ಆಯೋಗ 1992ರಲ್ಲಿ ಅಂತಿಮ ವರದಿ ಕೊಟ್ಟಿತು.

ಆ ದಿನ ಡ್ರೈಡನ್‌ನಲ್ಲಿ ಆಗದೇ ಹೋದದ್ದು ಈ ಅಂಗಳದಲ್ಲಿ ದಿನನಿತ್ಯದ ಕೆಲಸ. ಎಂಜಿನ್ ಓಡುತ್ತಿರುವಂತೆಯೇ ತೊಳೆಯುತ್ತಾರೆ, ತೊಳೆದ ವಿಮಾನ ತಡಮಾಡದೆ ರನ್‌ವೇಯತ್ತ ಸಾಗುತ್ತದೆ. ದ್ರಾವಣ ಎಷ್ಟು ಹೊತ್ತು ಕಾಯುತ್ತದೆಂಬ 'ಹೋಲ್ಡೋವರ್' ಕೋಷ್ಟಕ ಪೈಲಟ್ ಕೈಯಲ್ಲಿರುತ್ತದೆ. ಚಳಿ ಮತ್ತು ಹಿಮದ ಬಿರುಸು ನೋಡಿ ಅವಧಿ ಲೆಕ್ಕ ಹಾಕುತ್ತಾರೆ.

ಮುಂದಿನದು ರನ್‌ವೇ. ಉಪ್ಪು ಅಲ್ಯೂಮಿನಿಯಮ್ಮನ್ನು ತಿನ್ನುವುದರಿಂದ ಹಿಮ ಕರಗಿಸಲು ರಸ್ತೆಗೆ ಸುರಿದಂತೆ ಇಲ್ಲಿ ಸುರಿಯುವಂತಿಲ್ಲ. ಹಿಮಗುದ್ದಲಿ ಕಟ್ಟಿದ ವಾಹನಗಳು ಓರೆಸಾಲಿನಲ್ಲಿ ಒಂದರ ಹಿಂದೊಂದು ಬಾಚುತ್ತ ಸಾಗುತ್ತವೆ. ಆಮೇಲೆ ನೆಲದ ಹಿಡಿತಕ್ಕೆ ಅಂಕ: ಒಣ ನೆಲಕ್ಕೆ 6, ಬ್ರೇಕೇ ಹಿಡಿಯದ ನೆಲಕ್ಕೆ 0.

ಹೊರಡುವ ಮುನ್ನ ರೆಕ್ಕೆಗೆ ಹಿಮ ಕಚ್ಚಿರುವುದು ಸಿಬ್ಬಂದಿಯಲ್ಲಿ ಯಾರಿಗೆ ಕಂಡರೂ ತಕ್ಷಣ ಕ್ಯಾಪ್ಟನ್‌ಗೆ ತಿಳಿಸಲೇಬೇಕು, ರೆಕ್ಕೆ ಪರೀಕ್ಷಿಸಿಯೇ ಹೊರಡಬೇಕು ಎಂಬುದು ಇಂದು ಕೆನಡಾದ ಕಾನೂನು. ಪ್ರಯಾಣಿಕರಿಗೆ ಆ ಕಾನೂನು ಅನ್ವಯಿಸುವುದಿಲ್ಲ. ಆದರೂ ಕಿಟಕಿಯಾಚೆ ಹಸಿರು ಲೋಳೆಯ ಮೇಲೆ ಬಿಳಿ ಕೂತದ್ದು ಕಂಡರೆ ಗಗನಸಖಿಯನ್ನು ಕರೆದು ಹೇಳಿ, ಸಂಕೋಚ ಬೇಡ. ವಿಮಾನ ಮತ್ತೆ ಬೇಗೆ ಮರಳಬೇಕಾದೀತು, ಮುಂದಿನ ವಿಮಾನ ತಪ್ಪೀತು. ತಪ್ಪಲಿ.